ಸರ್ಕಾರದ ಸುಪರ್ದಿಯಲ್ಲಿ ಬೆಳೆದವರ ಕಾಲೇಜು ದಾರಿ

ಅಮೆರಿಕದಲ್ಲಿ ಹೆತ್ತವರ ದೌರ್ಜನ್ಯಕ್ಕೋ ತೀವ್ರ ನಿರ್ಲಕ್ಷ್ಯಕ್ಕೋ ಒಳಗಾದ ಮಕ್ಕಳನ್ನು ನ್ಯಾಯಾಲಯದ ಆದೇಶದಂತೆ ಮನೆಯಿಂದ ಬಿಡಿಸಿ ಸರ್ಕಾರದ ಸುಪರ್ದಿಗೆ ಒಪ್ಪಿಸುವ ವ್ಯವಸ್ಥೆಗೆ ಫಾಸ್ಟರ್ ಕೇರ್ ಎಂದು ಹೆಸರು. ಆ ಮಗು ಸಾಕುತಂದೆ, ಸಾಕುತಾಯಿಯ ಮನೆಯಲ್ಲಿ ಬೆಳೆಯಬಹುದು, ಅಜ್ಜಿ ಅಥವಾ ಚಿಕ್ಕಮ್ಮನ ಮನೆಯಲ್ಲಿರಬಹುದು, ಅದೂ ಸಿಗದಿದ್ದರೆ ಗುಂಪು ನಿವಾಸ ಸೇರಬಹುದು. ದತ್ತು ಹೋದ ಮಗುವಿಗೆ ಹೊಸ ತಂದೆತಾಯಿ ಸಿಗುತ್ತಾರೆ. ಫಾಸ್ಟರ್ ಕೇರ್‌ನಲ್ಲಿರುವ ಮಗುವಿಗೆ ಹಾಗಲ್ಲ, ಅದರ ಹೊಣೆ ಕಾನೂನಿನ ಪ್ರಕಾರ ರಾಜ್ಯ ಸರ್ಕಾರದ್ದೇ. 2023ರ ಸೆಪ್ಟೆಂಬರ್ ಕೊನೆಗೆ ಇಂಥ ಸುಮಾರು 3.43 ಲಕ್ಷ ಮಕ್ಕಳಿದ್ದರು. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೆತ್ತವರ ಬಳಿಗೆ ಮರಳುತ್ತಾರೆ, ಇಲ್ಲವೇ ದತ್ತು ಹೋಗುತ್ತಾರೆ. ಯಾವ ಮನೆಯೂ ದಕ್ಕದೆ, ವಯಸ್ಸು ತುಂಬಿತು ಎಂಬ ಒಂದೇ ಕಾರಣಕ್ಕೆ ಹೊರಬೀಳುವವರು ವರ್ಷಕ್ಕೆ ಸುಮಾರು 15ರಿಂದ 20 ಸಾವಿರ. ಅಲ್ಲಿನ ಸಮಾಜ ಕಾರ್ಯಕರ್ತರು ಇದಕ್ಕೆ ‘ಏಜಿಂಗ್ ಔಟ್’ ಎನ್ನುತ್ತಾರೆ.

ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಪೋಷಕತ್ವಕ್ಕೆ ಅವಕಾಶವಿದೆ. ಆದರೆ ಇಲ್ಲಿ ಇಂಥ ಮಕ್ಕಳೆಂದರೆ ನೆನಪಾಗುವುದು ಬಾಲಮಂದಿರ, ಹದಿನೆಂಟು ತುಂಬಿದ ಮೇಲೆ ಅಲ್ಲಿಂದ ಹೊರಡುವವರಿಗೆ 21ರವರೆಗಿನ ಅನುಪಾಲನೆ. ಅಮೆರಿಕದಲ್ಲಿ ಹೆಚ್ಚಿನ ಮಕ್ಕಳು ಮನೆಗಳಲ್ಲೇ ಇರುತ್ತಾರೆ. ಹೀಗಿದ್ದೂ ಹದಿನೆಂಟರ ಹುಟ್ಟುಹಬ್ಬ ಅಲ್ಲೂ ಅಷ್ಟೇ ಭಯದ ದಿನವಾಗಿತ್ತು. ಪ್ರೌಢಶಾಲೆ ಮುಗಿಸಿ ಕಾಲೇಜು ಸೇರುವುದಕ್ಕೂ ತಲೆಯ ಮೇಲಿನ ಸೂರು ಹೋಗುವುದಕ್ಕೂ ಕೆಲವೇ ತಿಂಗಳ ಅಂತರ.

ಇದರ ಪರಿಣಾಮವನ್ನು ಅಳೆದ ಅಧ್ಯಯನಗಳಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಕೇಂದ್ರದ ‘ಮಿಡ್‌ವೆಸ್ಟ್ ಅಧ್ಯಯನ’ ಮುಖ್ಯವಾದುದು. ಮಾರ್ಕ್ ಕೋರ್ಟ್ನಿ ಅವರ ನೇತೃತ್ವದ ಸಂಶೋಧಕರು ಇಲಿನಾಯ್, ವಿಸ್ಕಾನ್ಸಿನ್, ಅಯೋವ ರಾಜ್ಯಗಳ 732 ಹದಿಹರೆಯದವರನ್ನು 2002ರ ಹೊತ್ತಿಗೆ ಮಾತನಾಡಿಸಲು ಆರಂಭಿಸಿ, ಅವರಿಗೆ 26 ವರ್ಷ ಆಗುವವರೆಗೂ ಬೆನ್ನುಬಿಡದೆ ವಿಚಾರಿಸಿದರು. ಆ ವಯಸ್ಸಿನಲ್ಲಿ ಎರಡು ಅಥವಾ ನಾಲ್ಕು ವರ್ಷದ ಪದವಿ ಪಡೆದಿದ್ದವರು ಅವರಲ್ಲಿ ಶೇ. 8ರಷ್ಟು. ಅದೇ ವಯಸ್ಸಿನ ಇತರ ಯುವಜನರಲ್ಲಿ ಆ ಪ್ರಮಾಣ ಶೇ. 46. ಈ ಮಕ್ಕಳಿಗೆ ಓದುವ ಆಸೆ ಇಲ್ಲವೆಂದು ಇದರಿಂದ ತೀರ್ಮಾನಿಸಿದರೆ ಅನ್ಯಾಯವಾದೀತು. ಕಾಲೇಜಿಗೆ ಹೋಗಬೇಕೆಂದು ಹದಿನೇಳನೇ ವಯಸ್ಸಿನಲ್ಲಿ ಅವರಲ್ಲಿ ಬಹುಪಾಲು ಮಂದಿ ಹೇಳಿದ್ದರು.

ಅಡ್ಡಿ ಶುರುವಾಗುವುದು ಅರ್ಜಿಯಿಂದಲೇ. ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ನೆರವು ಬೇಕೆಂದರೆ ‘ಫಾಫ್ಸಾ’ ಎಂಬ ಒಂದೇ ಅರ್ಜಿ ತುಂಬಬೇಕು. 24 ವರ್ಷದೊಳಗಿನ ವಿದ್ಯಾರ್ಥಿ ಹೆತ್ತವರ ಆಶ್ರಯದಲ್ಲಿದ್ದಾನೆ ಎಂಬುದು ಅದರ ಮೂಲ ಗ್ರಹಿಕೆ. ತಂದೆತಾಯಿಯ ಆದಾಯ, ಅವರ ತೆರಿಗೆ ವಿವರ, ಅವರ ಒಪ್ಪಿಗೆ ಎಲ್ಲವೂ ಬೇಕು. ಹತ್ತು ವರ್ಷದಿಂದ ಮುಖ ನೋಡದ ತಂದೆಯ ತೆರಿಗೆ ವಿವರವನ್ನು ಹುಡುಗಿಯೊಬ್ಬಳು ಎಲ್ಲಿಂದ ತರಬೇಕು? ಇಂಥ ಮಕ್ಕಳಲ್ಲಿ ಹಿಂದೆ ಅನಾಥರಿಗೆ ಮತ್ತು ನ್ಯಾಯಾಲಯದ ಪೋಷ್ಯರಿಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಹದಿನೈದರಲ್ಲಿ ದತ್ತು ಹೋದವರು, ನೆಂಟರ ಪಾಲಾದವರು ಅದರ ಹೊರಗೇ ಉಳಿಯುತ್ತಿದ್ದರು. 2007ರ ಕಾಲೇಜು ವೆಚ್ಚ ಕಡಿತ ಕಾನೂನು ಇದನ್ನು ಸರಿಪಡಿಸಿತು: 13 ತುಂಬಿದ ಮೇಲೆ ಯಾವಾಗಲಾದರೂ ಫಾಸ್ಟರ್ ಕೇರ್‌ನಲ್ಲಿದ್ದರೆ ಸಾಕು, ಆ ವಿದ್ಯಾರ್ಥಿ ಸ್ವತಂತ್ರ ಎಂದೇ ಲೆಕ್ಕ. 2009–10ರ ಶೈಕ್ಷಣಿಕ ವರ್ಷದಿಂದ ಇದು ಜಾರಿಗೆ ಬಂತು. ಹೆತ್ತವರ ಆದಾಯದ ಕಾಲಂ ಖಾಲಿ ಬಿಡಬಹುದಾದ್ದರಿಂದ ಅವರಲ್ಲಿ ಹೆಚ್ಚಿನವರಿಗೆ ಬಡ ವಿದ್ಯಾರ್ಥಿಗಳಿಗೆ ಮೀಸಲಾದ ‘ಪೆಲ್ ಅನುದಾನ’ ಪೂರ್ತಿಯಾಗಿ ದಕ್ಕುತ್ತದೆ. 2024–25ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಸಾಲವಲ್ಲ, ಮರಳಿಸಬೇಕಿಲ್ಲ.

ಅರ್ಜಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಮುಗಿಯುವ ಈ ಬದಲಾವಣೆಯ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬರುವಂಥದ್ದಲ್ಲ. ಆದರೆ ಫಾಸ್ಟರ್ ಕೇರ್‌ನಲ್ಲಿ ಬೆಳೆದವರ ಉನ್ನತ ಶಿಕ್ಷಣಕ್ಕೆ ಅಮೆರಿಕ ಸರ್ಕಾರ ಮಾಡಿದ ಕೆಲಸಗಳಲ್ಲಿ ಅತ್ಯಂತ ದೊಡ್ಡದನ್ನು ಹೆಸರಿಸಬೇಕಾದರೆ ಇದನ್ನೇ ಹೆಸರಿಸಬೇಕು. ಇಷ್ಟಾಗಿಯೂ ಗೆರೆ ಗೆರೆಯೇ. ಹನ್ನೆರಡೂವರೆ ವರ್ಷಕ್ಕೆ ಫಾಸ್ಟರ್ ಕೇರ್‌ನಿಂದ ಮನೆಗೆ ಮರಳಿದ ಮಗುವಿಗೆ ಈ ವಿನಾಯಿತಿ ಇಲ್ಲ.

ಇನ್ನು ದಾಖಲೆಯ ಮಾತು. ತಾನು ಫಾಸ್ಟರ್ ಕೇರ್‌ನಲ್ಲಿದ್ದೆ ಎಂದು ವಿದ್ಯಾರ್ಥಿ ಬರೆದರೆ ಸಾಲದು, ಕಾಲೇಜಿನ ಹಣಕಾಸು ಕಚೇರಿ ರುಜುವಾತು ಕೇಳಬಹುದು. ಅದಕ್ಕೆ ಬೇಕಾದ ಪತ್ರ ಇರುವುದು ಜಿಲ್ಲಾ ಕಲ್ಯಾಣ ಇಲಾಖೆಯಲ್ಲಿ ಅಥವಾ ನ್ಯಾಯಾಲಯದಲ್ಲಿ. ವಿದ್ಯಾರ್ಥಿ ಇರುವುದು ನೂರಾರು ಮೈಲಿ ಆಚೆ, ಪರಿಚಯದ ಸಮಾಜ ಕಾರ್ಯಕರ್ತೆ ಕೆಲಸ ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. 2014ರ ಫೆಡರಲ್ ಕಾನೂನು ವಯಸ್ಸು ತುಂಬಿ ಹೊರಡುವವರ ಕೈಗೆ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಆರೋಗ್ಯ ವಿಮೆಯ ವಿವರ, ವೈದ್ಯಕೀಯ ದಾಖಲೆ, ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿ ಕೊಟ್ಟೇ ಕಳುಹಿಸಬೇಕೆಂದು ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ಇಲ್ಲದಿದ್ದುದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಾಗದ: ಇವರು ಫಾಸ್ಟರ್ ಕೇರ್‌ನಲ್ಲಿದ್ದವರು ಎಂಬ ಅಧಿಕೃತ ಪತ್ರ. ಅದನ್ನು 2018ರ ‘ಫ್ಯಾಮಿಲಿ ಫಸ್ಟ್’ ಕಾನೂನು ಸೇರಿಸಿತು. ಈಚೆಗೆ ಫಾಫ್ಸಾ ನಿಯಮಗಳನ್ನು ಸರಳಗೊಳಿಸಿದಾಗ ಈ ರುಜುವಾತನ್ನು ಒಮ್ಮೆ ಒಪ್ಪಿಕೊಂಡ ಕಾಲೇಜು, ವಿರುದ್ಧ ಮಾಹಿತಿ ಇಲ್ಲದಿದ್ದರೆ, ಪ್ರತಿವರ್ಷ ಮತ್ತೆ ಕೇಳುವಂತಿಲ್ಲ ಎಂದೂ ಆಯಿತು. ತನ್ನ ಬಾಲ್ಯದ ನೋವನ್ನು ವರ್ಷಕ್ಕೊಮ್ಮೆ ಹೊಸ ಗುಮಾಸ್ತನ ಮುಂದೆ ಸಾಬೀತುಪಡಿಸಬೇಕಾದ ಅವಮಾನ ಅಲ್ಲಿಗೆ ನಿಂತಿತು.

ನೇರ ಹಣಸಹಾಯದ ಕಥೆ ಇದಕ್ಕಿಂತ ಹಳೆಯದು. ಹದಿನಾರು ದಾಟಿದ ಫಾಸ್ಟರ್ ಮಕ್ಕಳಿಗೆ ಸ್ವತಂತ್ರ ಬದುಕಿನ ತರಬೇತಿ ಕೊಡಲು ಫೆಡರಲ್ ಸರ್ಕಾರ ಮೊದಲು ಹಣ ಕೊಟ್ಟದ್ದು 1986ರಲ್ಲಿ. ಅಡುಗೆ ಮಾಡುವುದು, ಬ್ಯಾಂಕ್ ಖಾತೆ ತೆರೆಯುವುದು, ಕೆಲಸಕ್ಕೆ ಅರ್ಜಿ ಬರೆಯುವುದು, ಹೆಚ್ಚೆಂದರೆ ಇಷ್ಟಕ್ಕೇ ಅದು ಸೀಮಿತವಾಗಿತ್ತು. 1999ರಲ್ಲಿ ರೋಡ್ ಐಲೆಂಡ್‌ನ ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ ಮತ್ತಿತರರ ಪ್ರಯತ್ನದಿಂದ ಈ ಮೊತ್ತ ಇಮ್ಮಡಿಯಾಗಿ ವರ್ಷಕ್ಕೆ 14 ಕೋಟಿ ಡಾಲರ್ ಆಯಿತು. ಮಸೂದೆ ಅಂಗೀಕಾರವಾಗುವ ಕೆಲವೇ ವಾರಗಳ ಹಿಂದೆ, ಅಕ್ಟೋಬರ್‌ನಲ್ಲಿ, ಚೇಫಿ ತೀರಿಕೊಂಡರು. ಅಧ್ಯಕ್ಷ ಕ್ಲಿಂಟನ್ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಕಾನೂನು ಯೋಜನೆಗೆ ಅವರ ಹೆಸರಿಟ್ಟಿತು. ಇಂದಿಗೂ ಫಾಸ್ಟರ್ ಕೇರ್‌ನಿಂದ ಬಂದ ವಿದ್ಯಾರ್ಥಿಗಳು ‘ಚೇಫಿ ಬಂತಾ?’ ಎಂದು ಕೇಳಿಕೊಳ್ಳುವುದು ಈ ಹಣದ ಬಗ್ಗೆಯೇ.

ಕಾಲೇಜಿಗೆಂದೇ ಮೀಸಲಾದ ಪಾಲು ಸೇರಿದ್ದು ಆಮೇಲೆ, 2002ರ ಜನವರಿಯಲ್ಲಿ ಸಹಿಯಾದ ತಿದ್ದುಪಡಿಯಿಂದ. ಶಿಕ್ಷಣ ಮತ್ತು ತರಬೇತಿ ವೋಚರ್ ಎಂಬ ಈ ನೆರವು ಒಬ್ಬರಿಗೆ ವರ್ಷಕ್ಕೆ ಹೆಚ್ಚೆಂದರೆ 5,000 ಡಾಲರ್. ಶುಲ್ಕಕ್ಕೇ ಬಳಸಬೇಕೆಂದೇನೂ ಇಲ್ಲ. ಪುಸ್ತಕ, ಲ್ಯಾಪ್‌ಟಾಪ್, ಬಾಡಿಗೆ, ಬಸ್ಸಿನ ಖರ್ಚು, ಓದುವ ತಾಯಿಯ ಮಗುವನ್ನು ನೋಡಿಕೊಳ್ಳುವವರ ಸಂಬಳ, ಕಾಲೇಜು ಓದಿನ ಒಟ್ಟು ಖರ್ಚು ಎಂದು ಲೆಕ್ಕ ಹಾಕುವ ಎಲ್ಲಕ್ಕೂ ಸಲ್ಲುತ್ತದೆ. ನಾಲ್ಕು ವರ್ಷದ ಪದವಿಯೇ ಆಗಬೇಕೆಂದಿಲ್ಲ, ವೆಲ್ಡಿಂಗ್ ಅಥವಾ ನರ್ಸಿಂಗ್ ಸಹಾಯಕರ ತರಬೇತಿಯಂಥ ಅಲ್ಪಾವಧಿಯ ಕೋರ್ಸಿಗೂ ಕೊಡುತ್ತಾರೆ. ಓದಲು ಬೇರೆ ರಾಜ್ಯಕ್ಕೆ ಹೋದರೆ ಮೊದಲಿನ ರಾಜ್ಯವೇ ನೆರವು ಮುಂದುವರಿಸಬೇಕು. ಮೊದಲು 23ಕ್ಕೆ ನಿಲ್ಲುತ್ತಿದ್ದ ಈ ವೋಚರ್ ಅನ್ನು 2018ರ ಕಾನೂನು 26ನೇ ವಯಸ್ಸಿನವರೆಗೆ ವಿಸ್ತರಿಸಿತು, ಒಟ್ಟು ಐದು ವರ್ಷ ಮೀರುವಂತಿಲ್ಲ ಎಂಬ ಮಿತಿಯೊಂದಿಗೆ.

ಈ ಯೋಜನೆಯ ಬಹು ದೊಡ್ಡ ದೋಷ ಅದರ ಮೊತ್ತದಲ್ಲಿದೆ. 2002ರಲ್ಲಿ ನಿಗದಿಯಾದ 5,000 ಡಾಲರ್ ಇಂದಿಗೂ 5,000 ಡಾಲರೇ. ಈ ಅವಧಿಯಲ್ಲಿ ಅಮೆರಿಕದಲ್ಲಿ ಬೆಲೆಗಳು ಹೆಚ್ಚುಕಡಿಮೆ ಮುಕ್ಕಾಲು ಪಟ್ಟು ಏರಿವೆ. ವರ್ಷಕ್ಕೆ 6 ಕೋಟಿ ಡಾಲರ್‌ವರೆಗೆ ಕೊಡಲು ಕಾನೂನಿನಲ್ಲಿ ಅವಕಾಶವಿದ್ದರೂ ಸಂಸತ್ತು ಮಂಜೂರು ಮಾಡುತ್ತ ಬಂದಿರುವುದು ಸುಮಾರು 4.3 ಕೋಟಿ ಡಾಲರ್ ಮಾತ್ರ. ಹಣ ಸಾಲದಾಗ ಕೆಲವು ರಾಜ್ಯಗಳು ಒಬ್ಬೊಬ್ಬರಿಗೆ ಕೊಡುವ ಮೊತ್ತವನ್ನು ಇಳಿಸುತ್ತವೆ, ಕೆಲವು ಮೊದಲು ಅರ್ಜಿ ಹಾಕಿದವರಿಗೆ ಕೊಟ್ಟು ಬಾಗಿಲು ಮುಚ್ಚುತ್ತವೆ. ಅದೇ ಹೊತ್ತಿಗೆ ಇಂಥದೊಂದು ನೆರವಿದೆ ಎಂಬುದೇ ತಿಳಿಯದ ವಿದ್ಯಾರ್ಥಿಗಳೂ ಇದ್ದಾರೆ. ಮನೆಯಲ್ಲಿ ಹೇಳುವವರಿಲ್ಲದವರಿಗೆ ಇಲಾಖೆಯೇ ಹೋಗಿ ಹೇಳಬೇಕು. ಆ ಕೆಲಸವನ್ನು ಎಲ್ಲ ರಾಜ್ಯಗಳೂ ಒಂದೇ ಶ್ರದ್ಧೆಯಿಂದ ಮಾಡುತ್ತಿಲ್ಲ.

ರಾಜ್ಯಗಳು ತಮ್ಮದೇ ದಾರಿಯನ್ನೂ ಹಿಡಿದಿವೆ. ಫಾಸ್ಟರ್ ಕೇರ್‌ನಲ್ಲಿದ್ದವರಿಗೆ ಸಾರ್ವಜನಿಕ ಕಾಲೇಜುಗಳಲ್ಲಿ ಶುಲ್ಕ ಮನ್ನಾ ಮಾಡುವ ಕಾನೂನನ್ನು ಟೆಕ್ಸಸ್ 1993ರಲ್ಲೇ ತಂದಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶುಲ್ಕ ಮನ್ನಾ ಅಥವಾ ವಿದ್ಯಾರ್ಥಿವೇತನ ಯಾವುದಾದರೊಂದು ರೂಪದಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ‘ಕ್ಯಾಲ್ ಗ್ರಾಂಟ್’ಗೆ ಇವರು 26ನೇ ವಯಸ್ಸಿನವರೆಗೂ ಅರ್ಜಿ ಹಾಕಬಹುದು, ಸಾಮಾನ್ಯ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷ ಸಿಗುವ ಅನುದಾನ ಇವರಿಗೆ ಎಂಟು ವರ್ಷದವರೆಗೆ ಸಿಗುತ್ತದೆ. ಓದು ನಡುವೆ ನಿಂತು ಮತ್ತೆ ಶುರುವಾಗುವುದು ಇವರ ಬದುಕಿನಲ್ಲಿ ಸಾಮಾನ್ಯ ಎಂದು ಒಪ್ಪಿಕೊಂಡು ಬರೆದ ನಿಯಮ ಇದು. ಬೇಕಾದ ತರಗತಿಗೆ ಎಲ್ಲರಿಗಿಂತ ಮೊದಲು ಹೆಸರು ನೋಂದಾಯಿಸುವ ಹಕ್ಕನ್ನೂ ಅಲ್ಲಿನ 2011ರ ಕಾನೂನು ಕೊಟ್ಟಿದೆ. ನೆರವಿಗೆ ವಯಸ್ಸಿನ ಗಡುವು ಇರುವವರಿಗೆ ಒಂದು ವಿಷಯದಲ್ಲಿ ಸೀಟು ಸಿಗದೆ ಆರು ತಿಂಗಳು ಕಳೆದುಹೋಗುವುದು ದೊಡ್ಡ ನಷ್ಟ.

ಶುಲ್ಕ ಒಂದೇ ಸಮಸ್ಯೆಯಾಗಿದ್ದರೆ ಇಷ್ಟರಲ್ಲಿ ಅದು ಬಗೆಹರಿಯಬೇಕಿತ್ತು. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2024–25ರ ಪದವಿ ಬೋಧನಾ ಶುಲ್ಕ 6,084 ಡಾಲರ್, ಪೆಲ್ ಅನುದಾನಕ್ಕಿಂತ ಕಡಿಮೆಯೇ. ಆದರೆ ಬಾಡಿಗೆ, ಊಟ, ಓಡಾಟ ಸೇರಿಸಿದರೆ ವರ್ಷದ ಖರ್ಚು 25 ಸಾವಿರ ಡಾಲರ್ ದಾಟುತ್ತದೆ. ಉಳಿದ ವಿದ್ಯಾರ್ಥಿಗಳಿಗೆ ಈ ಅಂತರ ತುಂಬುವುದು ಮನೆ. ಬಾಡಿಗೆ ಕರಾರಿಗೆ ಜಾಮೀನು ಸಹಿ ಹಾಕುವವರು, ಹಲ್ಲುನೋವಿಗೆ ವಿಮೆ ಕೊಡುವವರು, ಪರೀಕ್ಷೆ ಕೆಟ್ಟ ದಿನ ಫೋನ್ ಎತ್ತುವವರು ಹೆತ್ತವರು. ಇದರಲ್ಲಿ ಎಲ್ಲಕ್ಕಿಂತ ಕಣ್ಣಿಗೆ ರಾಚುವುದು ರಜೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ರಜೆ ಬಂದಾಗ ಬಹಳಷ್ಟು ಕಾಲೇಜುಗಳು ಹಾಸ್ಟೆಲ್ ಖಾಲಿ ಮಾಡಿಸುತ್ತವೆ. ಕಾರಿಡಾರಿನ ದೀಪ ಆರುತ್ತದೆ, ಊಟದ ಮನೆ ಬಾಗಿಲು ಹಾಕುತ್ತದೆ, ಎಲ್ಲರೂ ಸೂಟ್‌ಕೇಸ್ ಎಳೆದುಕೊಂಡು ಊರಿಗೆ ಹೊರಡುತ್ತಾರೆ. ಊರೇ ಇಲ್ಲದವರು ಮೂರ್ನಾಲ್ಕು ವಾರ ಗೆಳೆಯರ ಸೋಫಾದ ಮೇಲೋ ಕಾರಿನಲ್ಲೋ ಮಲಗಿ ಕಾಲ ತಳ್ಳಬೇಕು. ರಜೆಯಲ್ಲಿ ಇಂಥ ವಿದ್ಯಾರ್ಥಿಗಳಿಗೆ ವಸತಿ ಹುಡುಕಲು ಕಾಲೇಜು ನೆರವಾಗಬೇಕೆಂದು ಟೆಕ್ಸಸ್ ಕಾನೂನು ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷವಿಡೀ ತೆರೆದಿರುವ ಹಾಸ್ಟೆಲ್‌ಗಳಲ್ಲಿ ಇವರಿಗೆ ಆದ್ಯತೆ ಇದೆ.

ವಸತಿಯ ಪ್ರಶ್ನೆಗೆ ಫೆಡರಲ್ ಸರ್ಕಾರ ಕೊಟ್ಟ ದೊಡ್ಡ ಉತ್ತರ 2008ರ ‘ಫಾಸ್ಟರಿಂಗ್ ಕನೆಕ್ಷನ್ಸ್’ ಕಾನೂನು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಈ ಕಾನೂನಿನಂತೆ ಫಾಸ್ಟರ್ ಕೇರ್ ಅನ್ನು 21ರವರೆಗೆ ಮುಂದುವರಿಸುವ ರಾಜ್ಯಗಳಿಗೆ ಖರ್ಚಿನ ಒಂದು ಪಾಲನ್ನು ಫೆಡರಲ್ ಸರ್ಕಾರ ಭರಿಸುತ್ತದೆ. ಯುವಕ ಅಥವಾ ಯುವತಿ ಪ್ರೌಢಶಾಲೆ ಮುಗಿಸುತ್ತಿರಬೇಕು, ಕಾಲೇಜಿನಲ್ಲೋ ವೃತ್ತಿ ತರಬೇತಿಯಲ್ಲೋ ಇರಬೇಕು, ತಿಂಗಳಿಗೆ ಕನಿಷ್ಠ 80 ಗಂಟೆ ದುಡಿಯುತ್ತಿರಬೇಕು, ಉದ್ಯೋಗಕ್ಕೆ ಸಿದ್ಧಗೊಳಿಸುವ ಕಾರ್ಯಕ್ರಮದಲ್ಲಿರಬೇಕು, ಅಥವಾ ಇದಾವುದನ್ನೂ ಮಾಡಲಾಗದ ಆರೋಗ್ಯ ಸಮಸ್ಯೆ ಇರಬೇಕು. ರಾಜ್ಯಗಳ ಮೇಲೆ ಒತ್ತಾಯವಿರಲಿಲ್ಲ. 2010ರಲ್ಲಿ ಕಾನೂನು ಮಾಡಿ 2012ರ ಜನವರಿ 1ರಿಂದ ಜಾರಿಗೊಳಿಸಿದ ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟು ದಾಟಿದವರು ಸ್ವತಂತ್ರ ವಾಸದ ಏರ್ಪಾಡಿನಡಿ ಬಾಡಿಗೆ ಕೋಣೆಯಲ್ಲಿ ಇರಬಹುದು, ಕಾಲೇಜು ಹಾಸ್ಟೆಲಿನಲ್ಲೂ ಇರಬಹುದು. ಸಾಕುಪೋಷಕರಿಗೆ ಹೋಗುತ್ತಿದ್ದ ಮಾಸಿಕ ಹಣ ನೇರ ಇವರ ಕೈಗೇ ಬರುತ್ತದೆ.

ಈ ವಿಸ್ತರಣೆಗೆ ಬಲ ತಂದದ್ದು ಮೇಲೆ ಹೇಳಿದ ಮಿಡ್‌ವೆಸ್ಟ್ ಅಧ್ಯಯನವೇ. ಮೂರು ರಾಜ್ಯಗಳಲ್ಲಿ ಇಲಿನಾಯ್ ಮಾತ್ರ ಆಗಲೇ 21ರವರೆಗೆ ಮಕ್ಕಳನ್ನು ಉಳಿಸಿಕೊಳ್ಳುತ್ತಿತ್ತು. ಅಲ್ಲಿಯವರು ಕಾಲೇಜು ಸೇರಿದ ಪ್ರಮಾಣ ಉಳಿದೆರಡು ರಾಜ್ಯಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಪದವಿ ಮುಗಿಸುವುದರಲ್ಲಿ ಮಾತ್ರ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 21ಕ್ಕೆ ನೆರವು ನಿಂತಾಗ ಹೆಚ್ಚಿನವರು ಇನ್ನೂ ಓದಿನ ನಡುವೆಯೇ ಇರುತ್ತಾರೆ ಎಂಬುದನ್ನು ಗಮನಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ.

ಆರೋಗ್ಯ ವಿಮೆಯ ವ್ಯವಸ್ಥೆಯೂ ಹೀಗೆಯೇ ಹಂತಹಂತವಾಗಿ ಸುಧಾರಿಸಿತು. ಹೆತ್ತವರ ವಿಮೆಯಲ್ಲಿ ಮಕ್ಕಳು 26ರವರೆಗೆ ಇರಬಹುದೆಂದು 2010ರ ಆರೋಗ್ಯ ಕಾನೂನು ಹೇಳಿದಾಗ, ಹೆತ್ತವರಿಲ್ಲದ ಇವರಿಗೆ ಅದೇ ವಯಸ್ಸಿನವರೆಗೆ ಸರ್ಕಾರಿ ವಿಮೆಯಾದ ಮೆಡಿಕೇಡ್ ಕೊಡಲು ನಿರ್ಧರಿಸಲಾಯಿತು. 2014ರಿಂದ ಜಾರಿಯಾದ ಈ ಸೌಲಭ್ಯ ಬೇರೆ ರಾಜ್ಯಕ್ಕೆ ಓದಲು ಹೋದವರಿಗೆ ಕೈತಪ್ಪುತ್ತಿತ್ತು. 2023ರ ಜನವರಿ 1ರಿಂದ ಈಚೆಗೆ ಹದಿನೆಂಟು ತುಂಬಿದವರಿಗೆ ಯಾವ ರಾಜ್ಯದಲ್ಲಿದ್ದರೂ ಕೊಡಲೇಬೇಕು.

ಕಾನೂನು ಮಾಡಲಾಗದ ಕೆಲಸವನ್ನು ಕೆಲವು ವಿಶ್ವವಿದ್ಯಾಲಯಗಳು ವಹಿಸಿಕೊಂಡಿವೆ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫುಲರ್ಟನ್ ಕ್ಯಾಂಪಸ್ಸಿನಲ್ಲಿ 1998ರಲ್ಲಿ ಆರಂಭವಾದ ‘ಗಾರ್ಡಿಯನ್ ಸ್ಕಾಲರ್ಸ್’ ಇವುಗಳಿಗೆ ಮಾದರಿ. ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ‘ಸೀಟಾ ಸ್ಕಾಲರ್ಸ್’ 2008ರದ್ದು. ಫಾಸ್ಟರ್ ಕೇರ್‌ನಲ್ಲೇ ಬೆಳೆದು ಅದೇ ವಿಶ್ವವಿದ್ಯಾಲಯದಲ್ಲಿ ಓದಿ ವಿದ್ವಾಂಸರಾದ ಜಾನ್ ಸೀಟಾ ಅವರ ಹೆಸರು ಅದಕ್ಕೆ. ಇಂಥ ಕಾರ್ಯಕ್ರಮಗಳಲ್ಲಿ ಪ್ರತಿ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಿ ಇರುತ್ತಾರೆ. ಅರ್ಜಿಯ ಕೊನೆ ದಿನ ನೆನಪಿಸುವುದು, ವಿಷಯವೊಂದು ಕೈಗೆ ಹತ್ತದಿದ್ದಾಗ ಅಂಕ ಕೆಡುವ ಮೊದಲೇ ಅದನ್ನು ಕೈಬಿಡಿಸುವುದು, ಬಾಡಿಗೆ ತಪ್ಪಿದ ತಿಂಗಳು ತುರ್ತು ಹಣ ಹೊಂದಿಸುವುದು ಅವರ ಕೆಲಸ. ಫೆಡರಲ್ ನೆರವು ಮುಂದುವರಿಯಬೇಕಾದರೆ ಓದಿನಲ್ಲಿ ತೃಪ್ತಿಕರ ಪ್ರಗತಿ ತೋರಿಸಬೇಕೆಂಬ ನಿಯಮವಿದೆ. ಒಂದೆರಡು ಸೆಮಿಸ್ಟರ್ ಕೆಟ್ಟರೆ ಪೆಲ್ ಅನುದಾನವೂ ವೋಚರೂ ಒಟ್ಟಿಗೇ ನಿಲ್ಲುತ್ತವೆ. ಕಾರಣ ವಿವರಿಸಿ ಮೇಲ್ಮನವಿ ಸಲ್ಲಿಸಬಹುದು, ಆದರೆ ಹಾಗೆ ಸಲ್ಲಿಸಬಹುದೆಂದು ಹೇಳಿ, ಪಕ್ಕದಲ್ಲಿ ಕುಳಿತು ಬರೆಸುವವರು ಬೇಕು.

ಅಂಕ ಕೆಡುವುದರ ಬೇರು ಶಾಲೆಯಲ್ಲೇ ಇರುತ್ತದೆ. ಮನೆ ಬದಲಾದಾಗಲೆಲ್ಲ ಶಾಲೆ ಬದಲಾಗಿ, ದಾಖಲೆ ಹಿಂದೆ ಉಳಿದು, ಅರ್ಧ ಕಲಿತ ಪಾಠ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಮಗುವನ್ನು ಮೊದಲಿನ ಶಾಲೆಯಲ್ಲೇ ಉಳಿಸಲು ಸಾಧ್ಯವಿರುವ ಪ್ರಯತ್ನ ಮಾಡಬೇಕು, ಬದಲಿಸಲೇಬೇಕಾದರೆ ದಾಖಲೆ ಇಲ್ಲದಿದ್ದರೂ ಕೂಡಲೇ ಸೇರಿಸಿಕೊಳ್ಳಬೇಕು ಎಂಬ ಹೊಣೆಯನ್ನು 2015ರ ಶಾಲಾ ಶಿಕ್ಷಣ ಕಾನೂನು ಇಡೀ ದೇಶದ ಶಿಕ್ಷಣ ಇಲಾಖೆಗಳ ಮೇಲೂ ಹೊರಿಸಿತು.

ಕೋವಿಡ್ ಕಾಲದಲ್ಲಿ ಈ ಇಡೀ ವ್ಯವಸ್ಥೆ ಸ್ವಲ್ಪ ಕಾಲ ಬೇರೆ ರೀತಿ ನಡೆಯಿತು. 2020ರ ಡಿಸೆಂಬರ್ ಕೊನೆಯಲ್ಲಿ ಸಂಸತ್ತು ಚೇಫಿ ಯೋಜನೆಗೆ 40 ಕೋಟಿ ಡಾಲರ್ ಹೆಚ್ಚುವರಿ ಹಣ ಕೊಟ್ಟಿತು, ಅದರಲ್ಲಿ 5 ಕೋಟಿ ವೋಚರ್‌ಗಳಿಗೆ. ವಯಸ್ಸು ತುಂಬಿತೆಂದು ಯಾರನ್ನೂ 2021ರ ಸೆಪ್ಟೆಂಬರ್‌ವರೆಗೆ ಹೊರಹಾಕುವಂತಿಲ್ಲ ಎಂದಿತು. ವೋಚರ್‌ನ ಮಿತಿ 12,000 ಡಾಲರ್‌ಗೆ ಏರಿತು, ವಯೋಮಿತಿಯೂ ತಾತ್ಕಾಲಿಕವಾಗಿ ಸಡಿಲವಾಯಿತು. ಎರಡು ದಶಕಗಳಲ್ಲಿ ಮೊದಲ ಬಾರಿಗೆ ಈ ನೆರವು ನಿಜವಾದ ಬಾಡಿಗೆಯ ಹತ್ತಿರಕ್ಕೆ ಬಂದಿತ್ತು. ತುರ್ತು ಅವಧಿ ಮುಗಿದು 2022ರ ಅಕ್ಟೋಬರ್ 1ರಂದು ಮಿತಿ ಮತ್ತೆ 5,000ಕ್ಕೆ ಇಳಿಯಿತು. ಆ ಅಂಕಿಯನ್ನು ಬದಲಿಸಲು ಸಂಸತ್ತು ಮನಸ್ಸು ಮಾಡಬೇಕಷ್ಟೆ, ಹೊಸ ಯೋಜನೆಯಾಗಲಿ ಹೊಸ ಇಲಾಖೆಯಾಗಲಿ ಅದಕ್ಕೆ ಬೇಕಿಲ್ಲ.